ಏರಿಗೆ ದುರಸ್ತಿ, ಜಮೀನಿಗೆ ಈಸ್‌ಮೆಂಟ್: ಕೊಲರಾಡೊದ ರಾಂಚ್ ಮಾಲೀಕರಿಗೆ ಒಂದು ಸಮಗ್ರ ಮಾರ್ಗದರ್ಶಿ

ಅಮೆರಿಕದ ಕೊಲರಾಡೊ ರಾಜ್ಯದ ರಾಂಚ್‌ಗಳಲ್ಲಿ, ಅಂದರೆ ದನ ಸಾಕುವ ದೊಡ್ಡ ಜಮೀನುಗಳಲ್ಲಿ, ‘ಡ್ಯಾಂ’ ಎಂದು ಕರೆಯುವುದನ್ನು ನೋಡಿದರೆ ನಮಗೆ ಥಟ್ಟನೆ ನೆನಪಾಗುವುದು ಊರ ಕೆರೆ. ಮಣ್ಣಿನ ಏರಿ, ಏರಿಯ ಬುಡದಲ್ಲಿ ನೀರು ಬಿಡಲು ಒಂದು ತೂಬು, ತುಂಬಿದ ನೀರು ಹರಿದುಹೋಗಲು ಪಕ್ಕದಲ್ಲೊಂದು ಕೋಡಿ, ಇಷ್ಟೇ ಅದರ ಅಂಗಗಳು. ಈ ಬರಹದಲ್ಲಿ ನಾನೂ ಇದೇ ಪದಗಳನ್ನು ಬಳಸುತ್ತೇನೆ. ನಮ್ಮಲ್ಲಿ ಕೆರೆ ಊರಿಗೆ ಅಥವಾ ಸರ್ಕಾರಕ್ಕೆ ಸೇರಿದ್ದು. ಅಮೆರಿಕದ ರಾಷ್ಟ್ರೀಯ ಅಣೆಕಟ್ಟು ಪಟ್ಟಿಯಲ್ಲಿರುವ ಅಣೆಕಟ್ಟುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಖಾಸಗಿಯವರ ಸ್ವತ್ತು. ಹೀಗಾಗಿ ಏರಿ ಬಿರಿದರೆ ದುರಸ್ತಿಯ ವೆಚ್ಚ ಬೀಳುವುದು ಜಮೀನಿನ ಒಡೆಯರ ಮೇಲೆ. ಎರಡು ಸಾವಿರ ಎಕರೆಯ ದನಗಾವಲು ಇರುವವರ ಆಸ್ತಿ ಕಾಗದದ ಮೇಲೆ ದೊಡ್ಡದು, ಆದರೆ ಕೈಯಲ್ಲಿರುವ ನಗದು ಕರು ಮಾರಿದ ವಾರದಲ್ಲಷ್ಟೇ ಕಾಣುವಂಥದ್ದು.

ಈ ಇಕ್ಕಟ್ಟಿನಿಂದ ಹೊರಬರಲು ಹಲವರು ಹಿಡಿಯುವ ದಾರಿಯೆಂದರೆ ಜಮೀನಿನ ಮೇಲಿನ ಅಭಿವೃದ್ಧಿಯ ಹಕ್ಕನ್ನು, ಅಂದರೆ ಅದನ್ನು ನಿವೇಶನಗಳಾಗಿ ಒಡೆದು ಮನೆ ಕಟ್ಟುವ ಹಕ್ಕನ್ನು, ಸಂರಕ್ಷಣಾ ಈಸ್‌ಮೆಂಟ್ ಎಂಬ ನಿರ್ಬಂಧ ಪತ್ರದ ರೂಪದಲ್ಲಿ ಮಾರಿ, ಆ ಹಣದಿಂದ ಏರಿಯನ್ನು ಸರಿಪಡಿಸುವುದು. ದಾರಿ ಸರಿಯಾದದ್ದೇ. ಆದರೆ ಈಸ್‌ಮೆಂಟ್ ಮಾರಾಟ ಮುಗಿಯಲು ಸಾಮಾನ್ಯವಾಗಿ ಒಂದೂವರೆಯಿಂದ ಮೂರು ವರ್ಷ ಹಿಡಿಯುತ್ತದೆ, ಏರಿಯೊಳಗಿನ ಒಸರು ಅಲ್ಲಿಯವರೆಗೆ ಕಾಯುವುದಿಲ್ಲ. ಜೊತೆಗೆ ಈಸ್‌ಮೆಂಟ್ ಪತ್ರದಲ್ಲಿ ಒಂದು ಸಾಲು ತಪ್ಪಿದರೂ ಮುಂದೆ ಅದೇ ಏರಿಗೆ ಮಣ್ಣು ಹಾಕಲು ಇನ್ನೊಬ್ಬರ ಅಪ್ಪಣೆ ಬೇಕಾಗಬಹುದು. ಆದ್ದರಿಂದ ಯಾವ ಕೆಲಸ ಮೊದಲು, ಯಾವುದು ನಂತರ ಎಂಬ ಸರದಿಯೇ ಇಲ್ಲಿ ಮುಖ್ಯ. ಕೆಳಗಿನ ಹೆಜ್ಜೆಗಳನ್ನು ಆ ಸರದಿಯಲ್ಲೇ ಜೋಡಿಸಿದ್ದೇನೆ.

ಮೊದಲ ಹೆಜ್ಜೆ: ಏರಿಗೆ ಏನಾಗಿದೆ ಎಂದು ತಿಳಿಯುವುದು

ಎಂಜಿನಿಯರನ್ನು ಕರೆಸುವ ಮೊದಲು ನೀವೇ ಏರಿಯ ಕೆಳಪಾದದುದ್ದಕ್ಕೂ ಒಮ್ಮೆ ನಡೆಯಿರಿ. ಆಗಸ್ಟ್ ತಿಂಗಳಲ್ಲಿ ಸುತ್ತಲಿನ ಹುಲ್ಲೆಲ್ಲ ಒಣಗಿ ಹಳದಿಯಾಗಿರುವಾಗ ಏರಿಯ ಬುಡದಲ್ಲಿ ಒಂದು ಕಡೆ ಮಾತ್ರ ಹಸಿರು ಜೊಂಡು ಬೆಳೆದಿದ್ದರೆ ಅಲ್ಲಿ ನೀರು ಒಸರುತ್ತಿದೆ ಎಂದರ್ಥ. ಒಂದು ಗಾಜಿನ ಬಾಟಲಿಯಲ್ಲಿ ಆ ನೀರನ್ನು ಹಿಡಿದು ಒಂದು ಗಂಟೆ ಬಿಡಿ. ತಿಳಿಯಾಗಿಯೇ ಉಳಿದರೆ ನಿಗಾ ಇಡಬೇಕಾದ ಒಸರು. ಬಾಟಲಿಯ ತಳದಲ್ಲಿ ನುಣ್ಣನೆಯ ಮಣ್ಣು ಕೂತರೆ ಏರಿ ಒಳಗಿನಿಂದ ಕೊರೆದು ಹೋಗುತ್ತಿದೆ, ಅಂದೇ ಫೋನ್ ಮಾಡಬೇಕಾದ ವಿಷಯ. ಏರಿಯ ಮೇಲೆ ಬೆಳೆದ ಮರಗಳ ಬೇರು, ಮಸ್ಕ್‌ರ‍್ಯಾಟ್‌ನಂಥ ಪ್ರಾಣಿಗಳು ತೋಡಿದ ಬಿಲ, ಏರಿಯ ನೆತ್ತಿಯಲ್ಲಿ ಉದ್ದುದ್ದಕ್ಕೆ ಬಿಟ್ಟ ಬಿರುಕು, ಕೋಡಿಯೊಳಗೆ ಅಡ್ಡ ಕಟ್ಟಿದ ಬೇಲಿ, ಇವನ್ನೆಲ್ಲ ತಾರೀಖಿನ ಸಮೇತ ಫೋಟೋ ತೆಗೆದಿಡಿ. ಈ ಫೋಟೋಗಳು ಮುಂದೆ ಮೂರು ಬೇರೆ ಬೇರೆ ಕಚೇರಿಗಳಲ್ಲಿ ಉಪಯೋಗಕ್ಕೆ ಬರುತ್ತವೆ.

ಹೆಚ್ಚಿನ ಹಳೆಯ ಏರಿಗಳಲ್ಲಿ ರೋಗ ಇರುವುದು ತೂಬಿನಲ್ಲಿ. ಕಳೆದ ಶತಮಾನದ ಮಧ್ಯಭಾಗದಲ್ಲಿ ಹಾಕಿದ ಸುಕ್ಕುತಗಡಿನ ಕೊಳವೆಗಳು ತುಕ್ಕು ಹಿಡಿದು ತೂತಾಗಿವೆ, ಆ ತೂತಿನ ಮೂಲಕ ಏರಿಯ ಮಣ್ಣು ಕೊಳವೆಯೊಳಗೆ ಜಾರುತ್ತದೆ. ಕೊಲರಾಡೊದವರಿಗೆ ಇದರ ಪಾಠ ಕಲಿಸಿದ್ದು ಲಾನ್ ಲೇಕ್. ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದೊಳಗೆ 1903ರಲ್ಲಿ ರೈತರ ನೀರಾವರಿಗಾಗಿ ಕಟ್ಟಿದ, ಸುಮಾರು 26 ಅಡಿ ಎತ್ತರದ ಆ ಮಣ್ಣಿನ ಏರಿ 1982ರ ಜುಲೈ 15ರ ಮುಂಜಾನೆ ಒಡೆಯಿತು. ತೂಬಿನ ಕೊಳವೆಗೂ ಗೇಟಿಗೂ ನಡುವಿನ ಸೀಸದ ಬೆಸುಗೆ ಸವೆದು, ಅಲ್ಲಿಂದ ಸೋರಿದ ನೀರು ಏರಿಯನ್ನು ಒಳಗಿನಿಂದ ಕೊರೆದಿತ್ತು. ಮೂವರು ಸತ್ತರು, ಎಸ್ಟೆಸ್ ಪಾರ್ಕ್ ಪಟ್ಟಣಕ್ಕೆ ಕೆಸರು ನುಗ್ಗಿತು, ನಷ್ಟ 3 ಕೋಟಿ 10 ಲಕ್ಷ ಡಾಲರ್ ಎಂದು ಲೆಕ್ಕ ಹಾಕಲಾಯಿತು. ಒಡೆದದ್ದು ದೊಡ್ಡ ಅಣೆಕಟ್ಟಲ್ಲ, ರಾಂಚ್‌ಗಳಲ್ಲಿರುವಂಥದ್ದೇ ಏರಿ.

ದುರಸ್ತಿಯ ವೆಚ್ಚದ ಅಂದಾಜನ್ನು ಕೊಲರಾಡೊದಲ್ಲಿ ಪರವಾನಗಿ ಪಡೆದ ಎಂಜಿನಿಯರ್ ಕೈಯಲ್ಲಿ ಲಿಖಿತವಾಗಿ ಪಡೆಯಿರಿ. ತುಕ್ಕು ಹಿಡಿದ ಕೊಳವೆಯೊಳಗೆ ಗಟ್ಟಿ ಪ್ಲಾಸ್ಟಿಕ್‌ನ ಹೊಸ ಕೊಳವೆಯನ್ನು ತೂರಿಸಿ ನಡುವಿನ ಸಂದಿಗೆ ಸಿಮೆಂಟ್ ಗಾರೆ ತುಂಬುವುದು ಒಂದು ಬಗೆ. ಏರಿಯನ್ನೇ ಅಗೆದು ತೂಬನ್ನು ಹೊಸದಾಗಿ ಹಾಕುವುದು ಇನ್ನೊಂದು, ಮತ್ತು ಬಹಳ ದುಬಾರಿ. ಕೊಳವೆಯ ಕೆಳತುದಿಯ ಸುತ್ತ ಮರಳಿನ ಶೋಧಕ ಪದರ ಹಾಕಿದರೆ ಒಸರು ನೀರು ಹೊರಬಂದರೂ ಮಣ್ಣು ಅಲ್ಲೇ ನಿಲ್ಲುತ್ತದೆ. ಈ ಒಂದು ಅಂಶ ಅಂದಾಜಿನಲ್ಲಿ ಇಲ್ಲದಿದ್ದರೆ ಏಕಿಲ್ಲ ಎಂದು ಕೇಳಿ.

ಎರಡನೆಯ ಹೆಜ್ಜೆ: ಕಾನೂನಿನ ಕಣ್ಣಲ್ಲಿ ನಿಮ್ಮ ಏರಿ ಮತ್ತು ನಿಮ್ಮ ನೀರು

ಕೋಡಿಯ ಮಟ್ಟಕ್ಕೆ ಅಳೆದಾಗ 10 ಅಡಿಗಿಂತ ಎತ್ತರದ, ಅಥವಾ 20 ಎಕರೆಗಿಂತ ಹೆಚ್ಚು ನೀರಿನ ಹರವಿರುವ, ಅಥವಾ 100 ಎಕರೆ-ಅಡಿಗಿಂತ (ಒಂದು ಎಕರೆ-ಅಡಿ ಎಂದರೆ ಒಂದು ಎಕರೆಯ ಮೇಲೆ ಒಂದು ಅಡಿ ಆಳ ನಿಲ್ಲುವ ನೀರು) ಹೆಚ್ಚು ನೀರು ಹಿಡಿಯುವ ಏರಿ ಕೊಲರಾಡೊದ ರಾಜ್ಯ ಎಂಜಿನಿಯರ್ ಕಚೇರಿಯ ಪೂರ್ಣ ನಿಯಂತ್ರಣಕ್ಕೆ ಬರುತ್ತದೆ. ಇಂಥ ಏರಿಯ ದುರಸ್ತಿ ನಕ್ಷೆಗಳಿಗೆ ಆ ಕಚೇರಿಯ ಒಪ್ಪಿಗೆ ಬೇಕು. ಹುಲ್ಲು ಕತ್ತರಿಸುವುದು, ಬಿಲ ಮುಚ್ಚುವುದು ಮುಂತಾದ ದಿನನಿತ್ಯದ ನಿರ್ವಹಣೆಗೆ ಬೇಡ. ಏರಿ ಅಪಾಯದಲ್ಲಿದೆ ಎಂದು ಕಂಡರೆ ಕಚೇರಿ ನೀರಿನ ಮಟ್ಟಕ್ಕೆ ಮಿತಿ ಹಾಕುತ್ತದೆ. ಆಗ ಕೆರೆ ಇದ್ದೂ ಅರ್ಧ ಖಾಲಿ.

ಏರಿಗಳನ್ನು ಅಪಾಯದ ದರ್ಜೆಯಾಗಿ ವಿಂಗಡಿಸುವುದು ಅವುಗಳ ಸ್ಥಿತಿಯನ್ನು ನೋಡಿ ಅಲ್ಲ, ಒಡೆದರೆ ಕೆಳಗೆ ಯಾರಿದ್ದಾರೆ ಎಂಬುದನ್ನು ನೋಡಿ. ನಿಮ್ಮ ಏರಿ ನೂರು ವರ್ಷ ಕದಲದೆ ನಿಂತಿದ್ದರೂ, ಕೆಳಗಿನ ಕಣಿವೆಯಲ್ಲಿ ಯಾರೋ ನಾಲ್ಕು ಮನೆ ಕಟ್ಟಿದೊಡನೆ ಅದು ಕಡಿಮೆ ಅಪಾಯದ ದರ್ಜೆಯಿಂದ ಹೆಚ್ಚು ಅಪಾಯದ ದರ್ಜೆಗೆ ಏರುತ್ತದೆ. ಆಗ ಹೆಚ್ಚು ದೊಡ್ಡ ಕೋಡಿ, ವರ್ಷಕ್ಕೊಮ್ಮೆ ತಪಾಸಣೆ, ತುರ್ತು ಕ್ರಮದ ಯೋಜನೆ ಎಲ್ಲವೂ ಬೇಕಾಗುತ್ತವೆ. ಈಸ್‌ಮೆಂಟ್‌ಗೂ ಏರಿಗೂ ಇರುವ ನೇರ ಸಂಬಂಧ ಇಲ್ಲಿದೆ, ಮತ್ತು ಇದನ್ನು ಗಮನಿಸುವವರು ಕಡಿಮೆ. ಏರಿಯ ಕೆಳಗಿನ ಮುಳುಗಡೆ ಪ್ರದೇಶ ನಿಮ್ಮದೇ ಜಮೀನಾಗಿದ್ದು ಅದನ್ನು ಈಸ್‌ಮೆಂಟ್‌ನೊಳಗೆ ಸೇರಿಸಿದರೆ ಅಲ್ಲಿ ಮುಂದೆಂದೂ ಮನೆ ಏಳುವುದಿಲ್ಲ, ಏರಿಯ ದರ್ಜೆ ನಿಮ್ಮ ಜಮೀನಿನ ಕಾರಣದಿಂದ ಏರುವುದಿಲ್ಲ. ಮಾರುವ ಜಮೀನಿನ ಗಡಿ ಎಳೆಯುವಾಗ ಎಂಜಿನಿಯರ್‌ನ ಮುಳುಗಡೆ ನಕ್ಷೆಯನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ.

ನೀರಿನ ಹಕ್ಕಿನ ಮಾತು ಬೇರೆ. ಕೊಲರಾಡೊದಲ್ಲಿ ಮೊದಲು ಬಳಸಿದವರಿಗೆ ಮೊದಲ ಹಕ್ಕು. ಸಂಗ್ರಹಣಾ ಹಕ್ಕನ್ನು ಜಲ ನ್ಯಾಯಾಲಯದ ಡಿಕ್ರಿ ನಿರ್ಧರಿಸುತ್ತದೆ, ಮತ್ತು 10 ವರ್ಷ ಆ ನೀರನ್ನು ಬಳಸದೆ ಬಿಟ್ಟರೆ ಹಕ್ಕನ್ನು ತ್ಯಜಿಸಿದ್ದೀರಿ ಎಂದು ಕಾನೂನು ಊಹಿಸಬಹುದು. ಅದನ್ನು ಸುಳ್ಳೆಂದು ತೋರಿಸುವ ಹೊಣೆ ನಿಮ್ಮದು. ತೂಬು ಕೆಟ್ಟಿದೆ ಎಂದು ಕೆರೆಯನ್ನು ವರ್ಷಗಟ್ಟಲೆ ಖಾಲಿ ಬಿಟ್ಟವರು ಏರಿಯ ಜೊತೆ ನೀರನ್ನೂ ಕಳೆದುಕೊಳ್ಳುವ ಅಪಾಯದಲ್ಲಿರುತ್ತಾರೆ. ದುರಸ್ತಿಗೆ ಮಾಡಿದ ಪ್ರತಿ ಪ್ರಯತ್ನದ ಕಾಗದ, ಎಂಜಿನಿಯರ್‌ಗೆ ಕೊಟ್ಟ ಮುಂಗಡದ ರಸೀದಿಯೂ ಸೇರಿದಂತೆ, ಜೋಪಾನವಾಗಿರಲಿ.

ಇನ್ನು ಒಕ್ಕೂಟ ಸರ್ಕಾರದ ಶುದ್ಧ ಜಲ ಕಾಯ್ದೆಯ 404ನೆಯ ಪ್ರಕರಣ. ಈಗ ಕೆಲಸ ಮಾಡುತ್ತಿರುವ ಏರಿಯ ನಿರ್ವಹಣೆಗೂ ದನಗಳ ಕೆರೆಯ ನಿರ್ವಹಣೆಗೂ ಅದರಲ್ಲಿ ವಿನಾಯಿತಿ ಇದೆ. ಆದರೆ ಏರಿಯನ್ನು ಅಗಲಿಸಿದರೆ, ಎತ್ತರಿಸಿದರೆ, ಪಕ್ಕದ ಜೌಗಿಗೆ ಮಣ್ಣು ತುಂಬಿದರೆ ವಿನಾಯಿತಿ ಸಿಗಲಾರದು. ಕೆಲಸಕ್ಕೆ ಮುನ್ನ ಸೇನೆಯ ಎಂಜಿನಿಯರ್ ದಳದ ಸ್ಥಳೀಯ ಕಚೇರಿಯಿಂದ ಒಂದು ಲಿಖಿತ ಉತ್ತರ ಪಡೆಯಿರಿ.

ಮೂರನೆಯ ಹೆಜ್ಜೆ: ದುರಸ್ತಿಗೆ ಮೊದಲ ಹಣ

ಈಸ್‌ಮೆಂಟ್ ಹಣ ಬರುವವರೆಗೆ ಏರಿ ನಿಲ್ಲಬೇಕಲ್ಲ, ಅದಕ್ಕೆ ಬೇಕಾದದ್ದು ಮಧ್ಯಂತರ ಹಣ. ಅದನ್ನು ಹುಡುಕುವಾಗ ಅನುದಾನದ ಬಾಗಿಲುಗಳನ್ನು ಮೊದಲು ತಟ್ಟಿ, ಸಾಲವನ್ನು ನಂತರ ನೋಡಿ.

ಕೃಷಿ ಇಲಾಖೆಯ ನೈಸರ್ಗಿಕ ಸಂಪನ್ಮೂಲ ಸಂರಕ್ಷಣಾ ಸೇವೆ ಎಂಬ ಸಂಸ್ಥೆಯನ್ನು ಎಲ್ಲರೂ ಎನ್‌ಆರ್‌ಸಿಎಸ್ ಎಂದೇ ಕರೆಯುತ್ತಾರೆ. ಅದರ ಇಕ್ವಿಪ್ ಯೋಜನೆ ದನಗಳಿಗೆ ನೀರಿನ ವ್ಯವಸ್ಥೆ, ಕೆರೆ ಮುಂತಾದ ಕೆಲಸಗಳ ವೆಚ್ಚದಲ್ಲಿ ಶೇ. 75ರವರೆಗೆ ಭರಿಸುತ್ತದೆ; ಹೊಸದಾಗಿ ಕೃಷಿಗಿಳಿದವರು, ಮಾಜಿ ಸೈನಿಕ ರೈತರು ಮುಂತಾದವರಿಗೆ ಶೇ. 90ರವರೆಗೆ. ಒಪ್ಪಂದಕ್ಕೆ ಸಹಿಯಾಗುವ ಮೊದಲು ಕೆಲಸ ಶುರು ಮಾಡಿದರೆ ಆ ಕೆಲಸಕ್ಕೆ ಹಣ ಇಲ್ಲ ಎಂಬ ನಿಯಮವನ್ನು ಮರೆತು, ಉತ್ಸಾಹದಲ್ಲಿ ಜೆಸಿಬಿ ಇಳಿಸಿ ಅನುದಾನ ಕಳೆದುಕೊಂಡವರಿದ್ದಾರೆ. ನೆರೆ, ಬಿರುಗಾಳಿಯಂಥ ಪ್ರಕೃತಿ ವಿಕೋಪದಿಂದ ಹಾನಿಯಾಗಿದ್ದರೆ ಕೃಷಿ ಸೇವಾ ಏಜೆನ್ಸಿಯ ತುರ್ತು ಸಂರಕ್ಷಣಾ ಯೋಜನೆ ಕೂಡ ಶೇ. 75ರವರೆಗೆ ಕೊಡಬಹುದು, ಆದರೆ ವರ್ಷಗಳ ಅಲಕ್ಷ್ಯದಿಂದಾದ ಹಾನಿಗೆ ಅದು ಸಿಗುವುದಿಲ್ಲ. ನಿಮ್ಮ ಏರಿ ಸರ್ಕಾರದ ಹಳೆಯ ಸಣ್ಣ ಜಲಾನಯನ ಯೋಜನೆಯಡಿ ಕಟ್ಟಿದ್ದೇ ಎಂದೂ ವಿಚಾರಿಸಿ. ಹೌದಾದರೆ ಪುನರುಜ್ಜೀವನ ಕಾರ್ಯಕ್ರಮದಲ್ಲಿ ವೆಚ್ಚದ ಶೇ. 65 ಒಕ್ಕೂಟ ಸರ್ಕಾರದ್ದು, ಅರ್ಜಿ ಮಾತ್ರ ಆ ಏರಿಯ ಸ್ಥಳೀಯ ಪ್ರಾಯೋಜಕ ಸಂಸ್ಥೆಯ ಮೂಲಕ ಹೋಗಬೇಕು.

ಸಾಲದ ಪೈಕಿ ಮೊದಲು ನೋಡಬೇಕಾದದ್ದು 1937ರಲ್ಲಿ ಸ್ಥಾಪನೆಯಾದ ಕೊಲರಾಡೊ ವಾಟರ್ ಕನ್ಸರ್ವೇಶನ್ ಬೋರ್ಡ್. ನೀರಿನ ಕಾಮಗಾರಿಗಳಿಗೆ ಇದು ದೀರ್ಘಾವಧಿಯ, ಕಡಿಮೆ ಬಡ್ಡಿಯ ಸಾಲ ಕೊಡುತ್ತದೆ. ಸಾಲಕ್ಕೆ ಮುನ್ನ ಕಾರ್ಯಸಾಧ್ಯತಾ ವರದಿ ಕೇಳುತ್ತದೆ. ಕೆರೆಯ ನೀರನ್ನು ನೆರೆಯ ರಾಂಚ್‌ಗಳೂ ಬಳಸುತ್ತಿದ್ದರೆ ಎಲ್ಲರೂ ಸೇರಿ ಕಾಲುವೆ ಅಥವಾ ಕೆರೆ ಕಂಪನಿಯಾಗಿ ಅರ್ಜಿ ಹಾಕುವುದು ಸುಲಭ. ಇದಲ್ಲದೆ ನದಿ ಕಣಿವೆಗೊಂದರಂತೆ ಇರುವ ದುಂಡುಮೇಜಿನ ಸಮಿತಿಗಳ ಮೂಲಕ ಸಿಗುವ ರಾಜ್ಯ ಅನುದಾನವಿದೆ. ಉಳಿದದ್ದಕ್ಕೆ 1916ರಿಂದ ರೈತರಿಗೆ ಸಾಲ ಕೊಡುತ್ತ ಬಂದಿರುವ ಫಾರ್ಮ್ ಕ್ರೆಡಿಟ್ ಸಹಕಾರಿ ವ್ಯವಸ್ಥೆ.

ಸಾಲ ಕೊಡುವವರ ಮುಂದೆ ಕೂತಾಗ ಈಸ್‌ಮೆಂಟ್ ಯೋಜನೆಯನ್ನು ಮುಚ್ಚಿಡಬೇಡಿ. ಜಮೀನು ಅಡಮಾನದಲ್ಲಿದ್ದರೆ, ಸಾಲದಾತರು ತಮ್ಮ ಹಕ್ಕನ್ನು ಈಸ್‌ಮೆಂಟ್‌ಗಿಂತ ಕೆಳಗಿನ ಸ್ಥಾನಕ್ಕೆ ಇಳಿಸಿಕೊಳ್ಳುತ್ತೇವೆ ಎಂದು ಬರೆದುಕೊಡಲೇಬೇಕು. ಆ ಪತ್ರ ಈಸ್‌ಮೆಂಟ್ ನೋಂದಣಿಗೆ ಮುನ್ನ ಇಲ್ಲವೆ ಅದರ ಜೊತೆಗೇ ದಾಖಲಾಗದಿದ್ದರೆ, ಈಸ್‌ಮೆಂಟ್‌ನಲ್ಲಿ ದಾನವಾಗಿ ಬಿಟ್ಟ ಭಾಗಕ್ಕೆ ಸಿಗಬೇಕಾದ ತೆರಿಗೆ ಕಡಿತ ಪೂರ್ತಿ ಬಿದ್ದುಹೋಗುತ್ತದೆ. ಏರಿಯ ಸಾಲಕ್ಕೆ ಸಹಿ ಹಾಕುವ ದಿನವೇ, ಮುಂದೆ ಈಸ್‌ಮೆಂಟ್ ಬಂದಾಗ ಹೀಗೆ ಇಳಿಸಿಕೊಳ್ಳುತ್ತೇವೆ, ಬಂದ ಹಣದಿಂದ ದಂಡವಿಲ್ಲದೆ ಸಾಲ ತೀರಿಸಬಹುದು ಎಂಬ ಎರಡು ಮಾತುಗಳನ್ನು ಬರೆಸಿಕೊಳ್ಳಿ.

ನಾಲ್ಕನೆಯ ಹೆಜ್ಜೆ: ಏನನ್ನು ಮಾರುತ್ತಿದ್ದೀರಿ, ಯಾರಿಗೆ

ನಮ್ಮ ಕಡೆ ಈಸ್‌ಮೆಂಟ್ ಎಂದರೆ ಪಕ್ಕದವರ ಹೊಲದ ಮೇಲೆ ಬಂಡಿದಾರಿ, ಕಾಲುವೆ ನೀರಿನ ದಾರಿ. 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆ ಓದಿದವರಿಗೆ ಪರಿಚಿತ ವಿಷಯ. ಸಂರಕ್ಷಣಾ ಈಸ್‌ಮೆಂಟ್ ಇದಕ್ಕೆ ತಿರುಗುಮುರುಗು. ತಪಾಸಣೆಯ ಭೇಟಿ ಬಿಟ್ಟರೆ ಕೊಂಡವರು ನಿಮ್ಮ ಜಮೀನಿನಲ್ಲಿ ಓಡಾಡುವ ಹಕ್ಕನ್ನು ಪಡೆಯುವುದಿಲ್ಲ, ನೀವು ಮತ್ತು ನಿಮ್ಮ ನಂತರ ಬರುವ ಎಲ್ಲ ಒಡೆಯರು ಜಮೀನನ್ನು ನಿವೇಶನಗಳಾಗಿ ಒಡೆಯದಂತೆ ತಡೆಯುವ ಹಕ್ಕನ್ನು ಪಡೆಯುತ್ತಾರೆ. ಜಮೀನು ನಿಮ್ಮದೇ, ಬೇಲಿ ನಿಮ್ಮದೇ, ದನ ನಿಮ್ಮದೇ. ಮಾರಬಹುದು, ಮಕ್ಕಳಿಗೆ ಬಿಡಬಹುದು. ಆದರೆ ತೆರಿಗೆ ಸೌಲಭ್ಯ ಬೇಕಾದರೆ ನಿರ್ಬಂಧ ಶಾಶ್ವತವಾಗಿರಬೇಕು. ಮೂವತ್ತು ವರ್ಷದ ನಂತರ ಮಗಳು ಮನಸ್ಸು ಬದಲಿಸಿದರೂ ಪತ್ರ ಬದಲಾಗುವುದಿಲ್ಲ. ಆದ್ದರಿಂದ ಮುಂದಿನ ತಲೆಮಾರನ್ನು ಸಹಿಯ ದಿನವಲ್ಲ, ಮೊದಲ ಮಾತುಕತೆಯ ದಿನವೇ ಕೂರಿಸಿಕೊಳ್ಳಿ.

ಈಸ್‌ಮೆಂಟನ್ನು ಹಿಡಿದಿಟ್ಟುಕೊಳ್ಳುವುದು ಲ್ಯಾಂಡ್ ಟ್ರಸ್ಟ್ ಎಂಬ ಭೂಸಂರಕ್ಷಣಾ ಸಂಸ್ಥೆ ಅಥವಾ ಸ್ಥಳೀಯ ಸರ್ಕಾರ. ಕೊಲರಾಡೊದ ದನಗಾರರ ಸಂಘ ತನ್ನದೇ ಕೊಲರಾಡೊ ಕ್ಯಾಟಲ್‌ಮೆನ್ಸ್ ಅಗ್ರಿಕಲ್ಚರಲ್ ಲ್ಯಾಂಡ್ ಟ್ರಸ್ಟ್ ಅನ್ನು 1995ರಲ್ಲಿ ಹುಟ್ಟುಹಾಕಿತು. ದನ ಸಾಕುವವರ ಭಾಷೆ ಬಲ್ಲ ಸಂಸ್ಥೆಯ ಜೊತೆ ಮಾತಾಡುವುದು ಸಹಜವಾಗಿಯೇ ಸಲೀಸು. ನೀವು ಆರಿಸಿದ ಟ್ರಸ್ಟ್‌ಗೆ ರಾಜ್ಯದ ಸಂರಕ್ಷಣಾ ವಿಭಾಗದ ಪ್ರಮಾಣಪತ್ರ ಇದೆಯೇ ಎಂದು ನೋಡಿ, ಅದಿಲ್ಲದಿದ್ದರೆ ರಾಜ್ಯ ತೆರಿಗೆ ಕ್ರೆಡಿಟ್ (ಕಟ್ಟಬೇಕಾದ ತೆರಿಗೆಯಿಂದಲೇ ನೇರವಾಗಿ ಕಳೆಯುವ ಮೊತ್ತ) ಇಲ್ಲ.

ಹಣ ಕೊಡುವವರು ಬೇರೆ. ಎನ್‌ಆರ್‌ಸಿಎಸ್‌ನ ಕೃಷಿಭೂಮಿ ಈಸ್‌ಮೆಂಟ್ ಯೋಜನೆ ಈಸ್‌ಮೆಂಟ್ ಬೆಲೆಯ ಶೇ. 50ರವರೆಗೆ ಕೊಡುತ್ತದೆ, ವಿಶೇಷ ಪರಿಸರ ಮಹತ್ವದ ಹುಲ್ಲುಗಾವಲೆಂದು ಗುರುತಿಸಿದರೆ ಶೇ. 75ರವರೆಗೆ. ಇದಕ್ಕೆ ಅರ್ಜಿ ಹಾಕುವುದು ನೀವಲ್ಲ, ಟ್ರಸ್ಟ್. ನಿಮ್ಮ ಪಾಲಿನ ಕೆಲಸವೆಂದರೆ ಕೃಷಿ ಸೇವಾ ಏಜೆನ್ಸಿಯಲ್ಲಿ ಜಮೀನಿನ ದಾಖಲೆ, ಆದಾಯ ಮಿತಿಯ ಘೋಷಣೆ, ಜೌಗು ಸಂರಕ್ಷಣೆಯ ಘೋಷಣೆ ಎಲ್ಲವೂ ಕ್ರಯಪತ್ರದಲ್ಲಿರುವ ಹೆಸರಿನಲ್ಲೇ ಸರಿಯಾಗಿರುವಂತೆ ನೋಡಿಕೊಳ್ಳುವುದು. ಜಮೀನು ಕಂಪನಿಯ ಹೆಸರಲ್ಲಿ, ದಾಖಲೆ ಅಜ್ಜನ ಹೆಸರಲ್ಲಿ ಇದ್ದರೆ ತಿಂಗಳುಗಳು ಇಲ್ಲೇ ಕಳೆಯುತ್ತವೆ. ಉಳಿದ ಭಾಗಕ್ಕೆ, 1992ರಲ್ಲಿ ಮತದಾರರು ಒಪ್ಪಿ ರೂಪಿಸಿದ, ರಾಜ್ಯ ಲಾಟರಿಯ ಹಣದಿಂದ ನಡೆಯುವ ಗ್ರೇಟ್ ಔಟ್‌ಡೋರ್ಸ್ ಕೊಲರಾಡೊ ಇದೆ, ಕೆಲವು ಕೌಂಟಿಗಳ (ನಮ್ಮ ಜಿಲ್ಲೆಯಂಥ ಆಡಳಿತ ಘಟಕಗಳ) ತೆರೆದ ಭೂಮಿಯ ನಿಧಿಗಳಿವೆ. ಪೂರ್ಣ ಬೆಲೆ ಸಿಗುವುದು ಅಪರೂಪ. ಸಿಗದ ಭಾಗವನ್ನು ದಾನವಾಗಿ ಬಿಡುವುದು ವಾಡಿಕೆ.

ಐದನೆಯ ಹೆಜ್ಜೆ: ಬೆಲೆ ಕಟ್ಟುವುದು

ಮೌಲ್ಯಮಾಪಕರು ಜಮೀನಿಗೆ ಎರಡು ಸಲ ಬೆಲೆ ಕಟ್ಟುತ್ತಾರೆ: ನಿರ್ಬಂಧ ಇಲ್ಲದಾಗ ಎಷ್ಟು, ನಿರ್ಬಂಧ ಬಂದ ನಂತರ ಎಷ್ಟು. ಎರಡರ ನಡುವಿನ ವ್ಯತ್ಯಾಸವೇ ಈಸ್‌ಮೆಂಟ್‌ನ ಬೆಲೆ. ಪಕ್ಕದಲ್ಲಿ ನಿಮ್ಮದೋ ಕುಟುಂಬದವರದೋ ಇನ್ನೊಂದು ತುಂಡು ಜಮೀನಿದ್ದರೆ ಅದರ ಬೆಲೆ ಏರುವುದನ್ನೂ ಲೆಕ್ಕಕ್ಕೆ ತರಬೇಕು. ಏರಿಯ ಮೇಲೆ ಮಟ್ಟದ ಮಿತಿ ಇದ್ದರೆ ಅದನ್ನು ಮೌಲ್ಯಮಾಪಕರಿಗೆ ಲಿಖಿತವಾಗಿ ತಿಳಿಸಿ. ನೀರು ತುಂಬಲಾಗದ ಕೆರೆಯನ್ನು ತುಂಬಿದ ಕೆರೆಯೆಂದು ಎಣಿಸಿ ಕಟ್ಟಿದ ಬೆಲೆ ತೆರಿಗೆ ತಪಾಸಣೆಯಲ್ಲಿ ನಿಲ್ಲುವುದಿಲ್ಲ.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. 2,400 ಎಕರೆಯ ರಾಂಚ್‌ಗೆ ಮೊದಲಿನ ಬೆಲೆ 48 ಲಕ್ಷ ಡಾಲರ್, ನಂತರದ ಬೆಲೆ 32 ಲಕ್ಷ. ಈಸ್‌ಮೆಂಟ್ ಬೆಲೆ 16 ಲಕ್ಷ. ಎನ್‌ಆರ್‌ಸಿಎಸ್ ಅರ್ಧ ಕೊಟ್ಟರೆ 8 ಲಕ್ಷ. ರಾಜ್ಯ ಮತ್ತು ಕೌಂಟಿ ಮೂಲಗಳಿಂದ 4 ಲಕ್ಷ. ಉಳಿದ 4 ಲಕ್ಷ ನಿಮ್ಮ ದಾನ. ಈ ದಾನಕ್ಕೆ ಕೊಲರಾಡೊ ರಾಜ್ಯ ತೆರಿಗೆ ಕ್ರೆಡಿಟ್ ಕೊಡುತ್ತದೆ; 2021ರ ತಿದ್ದುಪಡಿ ಅದನ್ನು ದಾನದ ಮೌಲ್ಯದ ಶೇ. 90ಕ್ಕೆ ಏರಿಸಿತು. ಶಾಸನಸಭೆ ಈ ದರವನ್ನು ಆಗಾಗ ಮುಟ್ಟುವುದರಿಂದ ನಿಮ್ಮ ದಾನ ನಡೆಯುವ ವರ್ಷದ ದರವನ್ನೇ ಹಿಡಿಯಿರಿ. ಶೇ. 90ರಲ್ಲಿ ಕ್ರೆಡಿಟ್ 3.6 ಲಕ್ಷ. ರಾಂಚ್ ನಡೆಸುವವರಿಗೆ ಅಷ್ಟು ರಾಜ್ಯ ತೆರಿಗೆ ಬರುವುದೇ ಇಲ್ಲವಾದ್ದರಿಂದ ಅದನ್ನು ದಲ್ಲಾಳಿಗಳ ಮೂಲಕ ಬೇರೆ ತೆರಿಗೆದಾರರಿಗೆ ಮಾರಲು ಕಾನೂನು ಅವಕಾಶ ಕೊಟ್ಟಿದೆ. ಡಾಲರಿಗೆ 85 ಸೆಂಟ್‌ನಂತೆ ಮಾರಿದರೆ 3 ಲಕ್ಷ 6 ಸಾವಿರ. ಒಟ್ಟು ನಗದು 15 ಲಕ್ಷ 6 ಸಾವಿರ. ಅದರಲ್ಲಿ ಮೌಲ್ಯಮಾಪನ, ವಕೀಲರು, ಸರ್ವೆ, ಖನಿಜ ವರದಿ, ಟ್ರಸ್ಟ್‌ನ ಉಸ್ತುವಾರಿ ನಿಧಿಗೆ ಕೊಡುವ ಹಣ ಎಲ್ಲ ಸೇರಿ 1 ಲಕ್ಷ 20 ಸಾವಿರ ಹೋಗುತ್ತದೆ ಎಂದಿಟ್ಟುಕೊಳ್ಳಿ. ಆದಾಯ ತೆರಿಗೆಗೆ ಮುನ್ನ ಉಳಿಯುವುದು 13 ಲಕ್ಷ 86 ಸಾವಿರ. ಏರಿಗೆ 7 ಲಕ್ಷ ಬೇಕಿದ್ದರೆ ಅದು ಇಲ್ಲಿದೆ. ಆದರೆ ಈ ಕ್ರೆಡಿಟ್‌ಗಳಿಗೆ ರಾಜ್ಯ ವರ್ಷಕ್ಕೊಂದು ಒಟ್ಟು ಮಿತಿ ಇಟ್ಟಿದೆ, ಮಿತಿ ತುಂಬಿದ ಮೇಲೆ ಬಂದವರು ಮುಂದಿನ ವರ್ಷದ ಸರದಿಗೆ ಹೋಗುತ್ತಾರೆ. ಹಾಗಾಗಿ ಗುತ್ತಿಗೆದಾರರಿಗೆ ಕೊಡಬೇಕಾದ ಹಣವನ್ನು ಈ 3 ಲಕ್ಷದ ಮೇಲೆ ಆಧರಿಸಬೇಡಿ.

ಆರನೆಯ ಹೆಜ್ಜೆ: ಪತ್ರದ ಒಂದೊಂದು ಸಾಲು

ನಾನು ಓದಿದ ಒಂದು ಕರಡಿನಲ್ಲಿ ಏರಿಯ ಬಗ್ಗೆ ಇದ್ದದ್ದು ಒಂದೇ ವಾಕ್ಯ: ಇರುವ ನೀರಾವರಿ ರಚನೆಗಳನ್ನು ನಿರ್ವಹಿಸಬಹುದು. ಅದೇ ಕರಡಿನ ಇನ್ನೊಂದು ಪುಟದಲ್ಲಿ, ಮಣ್ಣು, ಮರಳು, ಜಲ್ಲಿ ತೆಗೆಯುವುದನ್ನು ಸಂಪೂರ್ಣವಾಗಿ ನಿಷೇಧಿಸಲಾಗಿದೆ ಎಂದಿತ್ತು. ಏರಿಗೆ ಬೇಕಾದ ಜೇಡಿಮಣ್ಣು ಇದ್ದದ್ದು ಅದೇ ಜಮೀನಿನಲ್ಲಿ, ಕೆರೆಯಿಂದ ಕಾಲು ಮೈಲಿ ದೂರದಲ್ಲಿ. ಎರಡೂ ಸಾಲು ಹಾಗೇ ನೋಂದಣಿಯಾಗಿದ್ದರೆ ಪ್ರತಿ ಲಾರಿ ಮಣ್ಣನ್ನೂ ಹೊರಗಿನಿಂದ ಕೊಂಡು ತರಬೇಕಾಗುತ್ತಿತ್ತು.

ಮೇಲ್ಮೈ ಗಣಿಗಾರಿಕೆಯನ್ನು ಒಕ್ಕೂಟದ ತೆರಿಗೆ ಕಾನೂನು ಒಪ್ಪುವುದಿಲ್ಲ ಎಂಬುದು ನಿಜ. ಆದ್ದರಿಂದ ಮಣ್ಣು ತೆಗೆಯುವ ಜಾಗ, ಅದರ ವಿಸ್ತೀರ್ಣದ ಮಿತಿ, ಜಮೀನಿನೊಳಗಿನ ಕೆಲಸಕ್ಕಷ್ಟೇ ಬಳಕೆ, ಮುಗಿದ ಮೇಲೆ ಹುಲ್ಲು ಬಿತ್ತುವ ಕರಾರು, ಇವನ್ನು ವಕೀಲರ ಕೈಯಲ್ಲಿ ಎಚ್ಚರದಿಂದ ಬರೆಸಬೇಕು. ಏರಿಯ ಬಗ್ಗೆ ‘ನಿರ್ವಹಣೆ’ ಎಂಬ ಒಂದು ಪದ ಸಾಲದು. ದುರಸ್ತಿ, ಬದಲಾವಣೆ, ಪೂರ್ತಿ ಪುನರ್ನಿರ್ಮಾಣ, ರಾಜ್ಯ ಎಂಜಿನಿಯರ್ ಆದೇಶಿಸಿದ ಯಾವುದೇ ಕೆಲಸ, ಕೋಡಿಯ ವಿಸ್ತರಣೆ, ಯಂತ್ರಗಳು ಬರಲು ರಸ್ತೆ, ಹೂಳು ತೆಗೆದು ಹಾಕುವ ಜಾಗ, ಹೀಗೆ ಹೆಸರು ಹಿಡಿದು ಬರೆಸಿ. ಡಿಕ್ರಿಯಲ್ಲಿರುವ ಪೂರ್ಣ ಪ್ರಮಾಣದವರೆಗೆ ಏರಿಯನ್ನು ಎತ್ತರಿಸುವ ಹಕ್ಕನ್ನೂ ಉಳಿಸಿಕೊಳ್ಳಿ, ಇವತ್ತು ಬೇಡವಾದರೂ. ಇಂಥ ಕೆಲಸಗಳಿಗೆ ಟ್ರಸ್ಟ್‌ಗೆ ತಿಳಿಸಿದರೆ ಸಾಕೇ, ಒಪ್ಪಿಗೆ ಬೇಕೇ, ಎಷ್ಟು ದಿನದೊಳಗೆ ಉತ್ತರ ಬರಬೇಕು ಎಂಬುದೂ ಪತ್ರದಲ್ಲಿರಲಿ. ತುರ್ತಿನಲ್ಲಿ ಮೊದಲು ಕೆಲಸ, ಆಮೇಲೆ ಕಾಗದ ಎಂಬ ಸಾಲು ಖಂಡಿತ ಬೇಕು.

ನೀರಿನ ಹಕ್ಕನ್ನು ಜಮೀನಿನಿಂದ ಬೇರ್ಪಡಿಸಿ ಮಾರಬಾರದು ಎಂದು ಟ್ರಸ್ಟ್ ಸಾಮಾನ್ಯವಾಗಿ ಕೇಳುತ್ತದೆ, ಕೇಳುವುದು ನ್ಯಾಯವೂ ಹೌದು. ನೀರು ಹೋದರೆ ಹುಲ್ಲುಗಾವಲು ಹೋದಂತೆ. ಆದರೆ ಏರಿ ಒಡೆದು ಸಂಗ್ರಹಿಸಲಾಗದ ವರ್ಷಗಳಲ್ಲಿ ನೀವು ಕರಾರು ಮುರಿದವರೆನಿಸಬಾರದು. ಆ ವಿನಾಯಿತಿಯನ್ನೂ ಬರೆಸಿ. ಒಕ್ಕೂಟದ ಹಣ ಬಂದಿದ್ದರೆ ಗಟ್ಟಿ ಹೊದಿಕೆಯ, ಅಂದರೆ ಕಟ್ಟಡ, ಕಾಂಕ್ರೀಟ್ ಮುಂತಾದವುಗಳ ವಿಸ್ತೀರ್ಣ ಸಾಮಾನ್ಯವಾಗಿ ಶೇ. 2ನ್ನು ಮೀರುವಂತಿಲ್ಲ, ಮನೆ, ಕೊಟ್ಟಿಗೆಗಳಿಗೆ ಬೇಕಾದ ಜಾಗವನ್ನು ನಕ್ಷೆಯಲ್ಲಿ ಮೊದಲೇ ಗುರುತಿಸಿ.

ಕೊಲರಾಡೊದಲ್ಲಿ ನೆಲದ ಮೇಲಿನ ಹಕ್ಕು ಒಬ್ಬರದು, ಕೆಳಗಿನ ಖನಿಜದ ಹಕ್ಕು ಇನ್ನೊಬ್ಬರದು ಎಂಬುದು ಮಾಮೂಲು. ಖನಿಜ ನಿಮ್ಮದಲ್ಲದಿದ್ದರೆ, ಅಲ್ಲಿ ಮೇಲ್ಮೈ ಗಣಿಗಾರಿಕೆ ನಡೆಯುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ ಎಂದು ಭೂವಿಜ್ಞಾನಿಯ ವರದಿ ಬೇಕು. ಇದನ್ನು ಕೊನೆಗೆ ಬಿಟ್ಟವರ ಇಡೀ ವ್ಯವಹಾರ ಕೊನೆಯ ತಿಂಗಳಲ್ಲಿ ನಿಂತುಹೋಗುವುದುಂಟು.

ಏಳನೆಯ ಹೆಜ್ಜೆ: ತೆರಿಗೆಯ ಮೂರು ಗುಂಡಿಗಳು

ಒಕ್ಕೂಟದ ಆದಾಯ ತೆರಿಗೆ ಕಾನೂನಿನ 170(ಎಚ್) ಪ್ರಕರಣ ಈಸ್‌ಮೆಂಟ್ ದಾನಕ್ಕೆ ಕಡಿತ ಕೊಡುತ್ತದೆ. ಸಾಮಾನ್ಯ ದಾನಿಗಳು ಆ ವರ್ಷದ ಆದಾಯದ ಶೇ. 50ರವರೆಗೆ, ಒಟ್ಟು ಆದಾಯದ ಅರ್ಧಕ್ಕಿಂತ ಹೆಚ್ಚು ಕೃಷಿಯಿಂದಲೇ ಬರುವ ರೈತರು ಶೇ. 100ರವರೆಗೆ ಕಡಿತ ಮಾಡಿಕೊಳ್ಳಬಹುದು, ಉಳಿದದ್ದನ್ನು 15 ವರ್ಷ ಮುಂದಕ್ಕೆ ಒಯ್ಯಬಹುದು. 2015ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಇದನ್ನು ಶಾಶ್ವತಗೊಳಿಸಿತು. ಕೇಳಲು ಚೆನ್ನಾಗಿದೆ, ಆದರೆ ಮಾರಾಟ ಮತ್ತು ದಾನ ಬೆರೆತಲ್ಲಿ ಮೂರು ಗುಂಡಿಗಳಿವೆ.

ಮೊದಲನೆಯದು, 2019ರ ನಿಯಮ. ದಾನಕ್ಕೆ ಬದಲಾಗಿ ರಾಜ್ಯದ ತೆರಿಗೆ ಕ್ರೆಡಿಟ್ ಬಂದರೆ ಅಷ್ಟನ್ನು ಒಕ್ಕೂಟದ ಕಡಿತದಿಂದ ಕಳೆಯಬೇಕು, ಕ್ರೆಡಿಟ್ ಶೇ. 15ಕ್ಕಿಂತ ಹೆಚ್ಚಿಲ್ಲದಿದ್ದರೆ ಮಾತ್ರ ವಿನಾಯಿತಿ. ನಮ್ಮ ಲೆಕ್ಕದಲ್ಲಿ 4 ಲಕ್ಷದ ದಾನ, 3.6 ಲಕ್ಷದ ಕ್ರೆಡಿಟ್. ಒಕ್ಕೂಟದ ಕಡಿತಕ್ಕೆ ಉಳಿಯುವುದು ಬರೀ 40 ಸಾವಿರ. ಕ್ರೆಡಿಟನ್ನು 85 ಸೆಂಟ್‌ಗೆ ಮಾರಿದರೂ ಕಳೆಯಬೇಕಾದದ್ದು ಪೂರ್ತಿ 3.6 ಲಕ್ಷ. ಎರಡು ಕಡೆಯೂ ಪೂರ್ಣ ಲಾಭ ಎಂದು ಲೆಕ್ಕ ತೋರಿಸುವವರ ಕಾಗದವನ್ನು ಬದಿಗಿಡಿ.

ಎರಡನೆಯದು, ಶೇ. 100ರ ಸೌಲಭ್ಯ. ಈಸ್‌ಮೆಂಟ್ ಮಾರಿದ ವರ್ಷ ಆ ಮಾರಾಟದ ಲಾಭ ನಿಮ್ಮ ಒಟ್ಟು ಆದಾಯಕ್ಕೆ ಸೇರುತ್ತದೆ. ಅಭಿವೃದ್ಧಿ ಹಕ್ಕಿನ ಮಾರಾಟ ಕೃಷಿ ಆದಾಯವಲ್ಲ ಎಂದು 2017ರಲ್ಲಿ ತೆರಿಗೆ ನ್ಯಾಯಾಲಯ ಇಬ್ಬರು ರೈತ ಸಹೋದರರ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಹುಟ್ಟಿದಾರಭ್ಯ ದನ ಕಾಯ್ದವರೂ ಆ ಒಂದು ವರ್ಷ ಕಾನೂನಿನ ಲೆಕ್ಕದಲ್ಲಿ ರೈತರಾಗದೆ ಹೋಗಬಹುದು.

ಮೂರನೆಯದು, ಲಾಭದ ಮೇಲಿನ ತೆರಿಗೆ. ನಮ್ಮ ಲೆಕ್ಕದಲ್ಲಿ ಈಸ್‌ಮೆಂಟ್ ಜಮೀನಿನ ಬೆಲೆಯ ಮೂರನೆ ಒಂದು ಭಾಗವಾದ್ದರಿಂದ ಮೂಲ ಖರೀದಿ ಬೆಲೆಯಲ್ಲೂ ಮೂರನೆ ಒಂದು ಭಾಗ ಅದಕ್ಕೆ ಸಲ್ಲುತ್ತದೆ. ಜಮೀನಿನ ಖರೀದಿ ಬೆಲೆ 9 ಲಕ್ಷವಾಗಿದ್ದರೆ ಈಸ್‌ಮೆಂಟ್‌ನ ಪಾಲು 3 ಲಕ್ಷ. ಅದರಲ್ಲಿ ಮಾರಿದ ಮುಕ್ಕಾಲು ಭಾಗಕ್ಕೆ 2.25 ಲಕ್ಷ, 12 ಲಕ್ಷದ ಮಾರಾಟದಲ್ಲಿ ಲಾಭ 9.75 ಲಕ್ಷ. ಜಮೀನು ಇತ್ತೀಚೆಗೆ ಆನುವಂಶಿಕವಾಗಿ ಬಂದಿದ್ದರೆ ಮೂಲ ಬೆಲೆ ಎಂದರೆ ಹಿರಿಯರು ತೀರಿಕೊಂಡ ದಿನದ ಮಾರುಕಟ್ಟೆ ಬೆಲೆ, ಆಗ ಲಾಭ ಬಹಳ ಕಡಿಮೆಯಾಗುತ್ತದೆ. ತೆರಿಗೆ ಕ್ರೆಡಿಟ್ ಮಾರಿದ ಹಣಕ್ಕೂ ತೆರಿಗೆ ಉಂಟು. 2011ರಲ್ಲಿ ಕೊಲರಾಡೊದ್ದೇ ಒಂದು ಪ್ರಕರಣದಲ್ಲಿ ಅದರ ಮೂಲ ಬೆಲೆ ಸೊನ್ನೆ, ತಕ್ಷಣ ಮಾರಿದರೆ ಬರುವುದು ಅಲ್ಪಾವಧಿ ಲಾಭ ಎಂದು ನ್ಯಾಯಾಲಯ ಹೇಳಿತು.

ಇನ್ನೊಂದು ಸೌಲಭ್ಯವನ್ನು ಲೆಕ್ಕಿಗರು ತಾವಾಗಿ ಹೇಳದಿರಬಹುದು. ಅದೇ ಕಾನೂನಿನ 175ನೆಯ ಪ್ರಕರಣದಡಿ ಮಣ್ಣಿನ ಏರಿ, ಕೆರೆ, ಕಾಲುವೆಗಳ ಸಂರಕ್ಷಣಾ ವೆಚ್ಚವನ್ನು ಆ ವರ್ಷದ ಒಟ್ಟು ಕೃಷಿ ಆದಾಯದ ಶೇ. 25ರವರೆಗೆ ನೇರವಾಗಿ ಕಳೆಯಬಹುದು, ಉಳಿದದ್ದನ್ನು ಮುಂದಿನ ವರ್ಷಗಳಿಗೆ ಒಯ್ಯಬಹುದು. ಕೆಲಸ ಮಾತ್ರ ಎನ್‌ಆರ್‌ಸಿಎಸ್ ಒಪ್ಪಿದ ಅಥವಾ ತತ್ಸಮಾನ ರಾಜ್ಯ ಸಂಸ್ಥೆಯ ಯೋಜನೆಗೆ ಅನುಗುಣವಾಗಿರಬೇಕು. ಏರಿಯ ದೊಡ್ಡ ಬಿಲ್ಲುಗಳೂ ಈಸ್‌ಮೆಂಟ್ ಲಾಭವೂ ಯಾವ ಯಾವ ತೆರಿಗೆ ವರ್ಷಕ್ಕೆ ಬೀಳಬೇಕು ಎಂಬುದನ್ನು ಲೆಕ್ಕಿಗರ ಜೊತೆ ಕೂತು ಮೊದಲೇ ನಿರ್ಧರಿಸಿ.

ಎಂಟನೆಯ ಹೆಜ್ಜೆ: ಸಹಿಯ ದಿನ ಮತ್ತು ಅದರ ನಂತರ

ತೆರಿಗೆಗಾಗಿ ಬಳಸುವ ಮೌಲ್ಯಮಾಪನ ದಾನದ ದಿನಕ್ಕಿಂತ 60 ದಿನಕ್ಕೂ ಹಳೆಯದಾಗಿರುವಂತಿಲ್ಲ. ಅನುದಾನಕ್ಕೆಂದು ಎರಡು ವರ್ಷದ ಹಿಂದೆ ಮಾಡಿಸಿದ ವರದಿ ಇದಕ್ಕೆ ಸಾಲದು, ಹೊಸದಾಗಿ ಮಾಡಿಸಬೇಕು. ಜಮೀನಿನ ಇಂದಿನ ಸ್ಥಿತಿಯನ್ನು ದಾಖಲಿಸುವ ಮೂಲಸ್ಥಿತಿ ವರದಿಯಲ್ಲಿ ಏರಿಯ ಎತ್ತರ, ನೆತ್ತಿಯ ಅಗಲ, ತೂಬಿನ ವ್ಯಾಸ, ಕೋಡಿಯ ಅಳತೆ ಇರಲಿ. ದುರಸ್ತಿ ಅರ್ಧಕ್ಕೆ ನಿಂತಿದ್ದರೆ ಅದನ್ನೂ ನಮೂದಿಸಿ. ತೆರಿಗೆ ನಮೂನೆ 8283ರಲ್ಲಿ ಮೌಲ್ಯಮಾಪಕರ ಸಹಿ, ಟ್ರಸ್ಟ್‌ನ ಸಹಿ ಎರಡೂ ಬೇಕು, ಕಡಿತ 5 ಲಕ್ಷ ಡಾಲರ್ ದಾಟಿದರೆ ಪೂರ್ಣ ವರದಿಯನ್ನೇ ಲಗತ್ತಿಸಬೇಕು.

ಹಣ ಕೈಗೆ ಬಂದ ದಿನ ಮಧ್ಯಂತರ ಸಾಲ ತೀರಿಸಿ. ಉಳಿದದ್ದರಲ್ಲಿ ಒಂದು ಭಾಗವನ್ನು ಏರಿಯ ಹೆಸರಿನಲ್ಲೇ ಬೇರೆ ಖಾತೆಯಲ್ಲಿಡಿ; ಟ್ರಾಕ್ಟರ್‌ನ ಕಂತಿಗೆ ಅದರಿಂದ ತೆಗೆಯಬೇಡಿ. ಅಭಿವೃದ್ಧಿ ಹಕ್ಕನ್ನು ಒಮ್ಮೆ ಮಾರಬಹುದಷ್ಟೆ, ತೂಬು ಮುಂದಿನ ತಲೆಮಾರಿನಲ್ಲಿ ಮತ್ತೆ ಕೆಡುತ್ತದೆ. ಟ್ರಸ್ಟ್‌ನವರು ವರ್ಷಕ್ಕೊಮ್ಮೆ ಜಮೀನು ನೋಡಲು ಬಂದಾಗ ಅವರನ್ನು ಏರಿಯ ಮೇಲೂ ನಡೆಸಿ, ಮುಂದಿನ ವರ್ಷ ಮಾಡಬೇಕೆಂದಿರುವ ಕೆಲಸವನ್ನು ಅಲ್ಲೇ ತೋರಿಸಿ, ಹಿಂದೆಯೇ ಒಂದು ಪತ್ರ ಬರೆಯಿರಿ.

ವಸಂತದಲ್ಲಿ ಹಿಮ ಕರಗಿ ಕೆರೆ ತುಂಬಲು ಶುರುವಾಗುವ ಮೊದಲು ತೂಬಿನ ಗೇಟನ್ನು ಪೂರ್ತಿ ತೆರೆದು ಪೂರ್ತಿ ಮುಚ್ಚಿ ನೋಡಿ. ಚಕ್ರ ಎಷ್ಟು ಸುತ್ತು ತಿರುಗಿತು, ಎಲ್ಲಿ ಬಿಗಿಯಾಯಿತು, ಮುಚ್ಚಿದ ಮೇಲೆ ಕೊಳವೆಯ ಬಾಯಲ್ಲಿ ಎಷ್ಟು ನೀರು ತೊಟ್ಟಿಕ್ಕುತ್ತಿದೆ ಎಂಬುದನ್ನು ತಾರೀಖು ಹಾಕಿ ಬರೆದಿಡಿ.